ಹಸಿರು ಬಳಿದ ಮೂಲೆ

"ಏಯ್ ಓಬಿ, ಹಾರೆ ಹಿಡೀತೀಯೋ, ಇಲ್ಲಾ ಹೆಣ ಕಾಯ್ತಾ ಕುಂದ್ರುತೀಯೋ? ಬಿಸಿಲು ನೆತ್ತಿಗೆ ಬಂತು, ಒಂದು ಬುಟ್ಟಿ ಮಣ್ಣು ಮ್ಯಾಲೆ ಬಂದಿಲ್ಲ. ಥೂ ನಿಮ್ಮ ಜಲ್ಮಕ್ಕೆ!"

ದಫೇದಾರ ಗೋಣೆಪ್ಪನ ಬಾಯಿಗೆ ಬೀಗವಿರಲಿಲ್ಲ. ಅವನೂ ಜಾಡಮಾಲಿ ಕೇರಿಯವನೇ. ಮೈಮೇಲೆ ಖಾಕಿ ಅಂಗಿ ಬಂದಾಗಿನಿಂದ ತನ್ನ ಜನರನ್ನು ಬೈಯುವುದೇ ನೌಕರಿ ಅಂದುಕೊಂಡಿದ್ದ. ಓಬಕ್ಕ ಬೈಗುಳಕ್ಕೆ ಅಲುಗಲಿಲ್ಲ. ಅವಳು ನೋಡುತ್ತಿದ್ದುದು ನೆಲದ ಮೇಲಿನ ಸುಣ್ಣದ ಗೆರೆಯನ್ನು. ಹೊಂಗೆ ಮರದ ಬುಡ ಬಳಸಿ, ಜಾಲಿಮುಳ್ಳಿನ ರಾಶಿಗಳ ನಡುವೆಯೇ ಹಾಯಿಸಿ, ಯಾರೋ ಪುಡಿ ಸುರಿದು ಚೌಕ ಬರೆದಿದ್ದರು. ಅದು ಮನೆ ಪಾಯದ ಗುರುತು.

"ಇದು ಪಾರ್ಕಿನ ಜಾಗ ಅಲ್ಲೇನೋ ಗೋಣೆಪ್ಪ?"

"ಆಗಿತ್ತು. ಈಗ ಮೂಲೆ ಸೈಟು. ಪಂಚಾಕ್ಷರಪ್ಪ ಸಾವ್ಕಾರ್ರದ್ದು. ಸೋಮವಾರ ಗುದ್ದಲಿ ಪೂಜೆ ಐತೆ. ಅಷ್ಟರೊಳಗೆ ಮುಳ್ಳು ಕಿತ್ತು ಮ್ಯಾಲಿನ ಮಣ್ಣು ಸಾಗಿಸ್ಬೇಕು. ಮಣ್ಣಿನ ಕೆಲಸದೋರು ಮುಟ್ಟಂಗಿಲ್ಲ ಅಂತಾರೆ, ಹೇಲಿನ ಮಣ್ಣಂತೆ. ಹೊತ್ತು ಹಾಕಿದೋರೇ ತೆಗೀಲಿ ಅಂದ್ರು ಸಾವ್ಕಾರ್ರು."

"ಇಲ್ಲಿ ಕೂಸುಗಳು ಅದಾವಲ್ಲೋ. ನಿಮ್ಮವ್ವ ಇಟ್ಟಿದ್ದೂ ಐತೆ."

ಗೋಣೆಪ್ಪ ಅತ್ತಿತ್ತ ನೋಡಿದ. ಅವನ ದನಿ ಒಮ್ಮೆಲೇ ಇಳಿಯಿತು. "ಬಾಯಿ ಮುಚ್ಚು ಓಬಕ್ಕ. ಹೊಟ್ಟೆಪಾಡಿನ ಮ್ಯಾಲೆ ಕಲ್ಲು ಹಾಕ್ಬ್ಯಾಡ" ಎಂದು ಬೀಡಿ ಹಚ್ಚಲು ಹೋದ. ಕಡ್ಡಿ ಹತ್ತಲಿಲ್ಲ.

ಹರಿಹರದ ರಸ್ತೆಯಲ್ಲಿ, ದಾವಣಗೆರೆ ಮುಗಿದು ಹೊಲಗಳು ಶುರುವಾಗುವ ಕಡೆ ಇದ್ದದ್ದು ಊರಿನ ಗೊಬ್ಬರದ ಡಿಪೋ. ದೊಡ್ಡ ಮನೆಗಳ ಬೆನ್ನಿಗೆ ಆಗ ಒಂದೊಂದು ಓಣಿ ಇರುತ್ತಿತ್ತು, ಓಣಿಗೆ ತೆರೆಯುವ ತಗಡಿನ ಕಿಂಡಿ, ಕಿಂಡಿಯೊಳಗೆ ಸಂಡಾಸಿನ ಬಕೀಟು. ಓಬಕ್ಕನ ಕೇರಿಯ ಹೆಂಗಸರು ಕೈ ಹಾಕಿ ಅದನ್ನೆಳೆದು, ತಮ್ಮ ಬಕೀಟಿಗೆ ಸುರುವಿಕೊಂಡು, ತಲೆ ಮೇಲೆ ಹೊತ್ತು "ಬಾಜೂ... ಬಾಜೂ..." ಎಂದು ಕೂಗುತ್ತ ನಡೆಯುತ್ತಿದ್ದರು. ಕೂಗು ಕೇಳಿದರೆ ಎಂಥ ಸಾಹುಕಾರನೂ ಪಂಚೆ ಎತ್ತಿಕೊಂಡು ಗೋಡೆಗೆ ಅಂಟುತ್ತಿದ್ದ. ಡಿಪೋದಲ್ಲಿ ಉದ್ದದ ಗುಂಡಿಗಳು. ಒಂದು ಪದರ ಹೇಲು, ಒಂದು ಪದರ ಕಸ, ಮೇಲೊಂದು ಪದರ ಮಣ್ಣು. ಅದು ಕಳಿತು ಕರ್ರಗಾದ ಮೇಲೆ ಭಾನುವಳ್ಳಿ, ಕುಕ್ಕುವಾಡದ ಗಾಡಿಗಳು ಬಂದು ಗೊಬ್ಬರ ತುಂಬಿಕೊಂಡು ಹೋಗುತ್ತಿದ್ದವು. ಗೊಬ್ಬರ ಗದ್ದೆಗೆ, ಗದ್ದೆಯ ಅಕ್ಕಿ ಮತ್ತೆ ಆ ದೊಡ್ಡ ಮನೆಗಳ ಅಡುಗೆಮನೆಗೇ. ಮಡಿ ಉಟ್ಟು ಉಣ್ಣುವವರು ಯಾರೂ ಈ ಲೆಕ್ಕ ಹಾಕಲಿಲ್ಲ, ಹಾಕಿದ್ದರೆ ಊರಿಗೆ ಊರೇ ಉಪವಾಸ ಬೀಳುತ್ತಿತ್ತು.

ಬಕೀಟಿನಲ್ಲಿ ಬರುತ್ತಿದ್ದುದು ಹೇಲೊಂದೇ ಅಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ, ಕಿಂಡಿಯಿಂದೆಳೆದ ಬಕೀಟು ಎಂದಿಗಿಂತ ಭಾರ ಇರುತ್ತಿತ್ತು. ಆ ಭಾರ ಕೈಗೆ ಗೊತ್ತಾಗುತ್ತಿತ್ತು. ಹಳೇ ಬಟ್ಟೆಯಲ್ಲಿ ಸುತ್ತಿದ ಕೂಸು, ಕಣ್ಣು ಬಿಡದ್ದು, ಹೊಕ್ಕುಳು ಕಟ್ಟದ್ದು. ಅದನ್ನು ಗುಂಡಿಗೆ ಹಾಕಬಾರದೆಂಬುದು ಕೇರಿಯ ಕಟ್ಟಳೆ. ಯಾರ ಕೈಗೆ ಬಂತೋ ಅವಳೇ ತಾಯಿ. ಅವಳು ಕೂಸಿನ ಮೈ ತೊಳೆಯಬೇಕು, ಸೀರೆ ಸೆರಗು ಹರಿದು ಸುತ್ತಬೇಕು, ಎದೆಯಲ್ಲಿ ಹಾಲಿದ್ದರೆ ತುಟಿಗೆ ಹನಿ ಬಿಡಬೇಕು, ಇಲ್ಲದಿದ್ದರೆ ಬೆಲ್ಲದ ನೀರು. ತನ್ನ ಮನೆತನದ ಹೆಸರೊಂದನ್ನು ಇಡಬೇಕು. ಹೆಸರಿಲ್ಲದ ಕೂಸು ದಾರಿ ತಪ್ಪಿ ಮತ್ತೆ ಅದೇ ಕಿಂಡಿಗೆ ಬರುತ್ತದೆಂದು ಹಿರಿಯರು ಹೇಳುತ್ತಿದ್ದರು.

ಡಿಪೋ ಕಾವಲುಗಾರ ಹಯಾತ್ ಸಾಬ್ ಬೇಲಿ ಪಕ್ಕದ ಆ ಹೊಂಗೆ ಮೂಲೆಯಲ್ಲಿ ಎಂದೂ ಗೊಬ್ಬರದ ಗುಂಡಿ ತೋಡಿಸಲಿಲ್ಲ. ಕೂಸು ಬಂದ ದಿನ ಪುಟ್ಟ ಕುಣಿ ತೆಗೆದು, ಉಪ್ಪು ಸುರಿದು, ನಾಯಿ ಕೆದರದ ಹಾಗೆ ಮುಳ್ಳು ಮುಚ್ಚುವುದು ಅವನ ಕೆಲಸ. ಆಮೇಲೆ ಎರಡು ಕೈ ಎತ್ತಿ ತನ್ನ ದೇವರಿಗೆ ಏನೋ ಹೇಳುತ್ತಿದ್ದ. "ಯಾರ ಕೂಸು, ಯಾವ ಜಾತಿ ಅಂತ ಗೊತ್ತಿಲ್ದೆ ದುವಾ ಮಾಡ್ತೀಯಲ್ಲ ಸಾಬ" ಎಂದರೆ, "ಬಚ್ಚಾ ಅಲ್ವಾ? ಅಲ್ಲಾಗೆ ಗೊತ್ತೈತೆ, ನನಗ್ಯಾಕ ಅದು" ಅನ್ನುತ್ತಿದ್ದ.

ಓಬಕ್ಕನ ಕೈಗೆ ಬಂದದ್ದು ಪಂಚಾಕ್ಷರಪ್ಪನ ಮನೆಯ ಕಿಂಡಿಯಿಂದ. ಆಗ ಅವಳ ಚೊಚ್ಚಲು ಮಗಳು ಎದೆ ಹಾಲು ಕುಡಿಯುತ್ತಿದ್ದಳು. ಬಕೀಟಿನ ಕೂಸೂ ಹೆಣ್ಣೇ. ಉಸಿರಿರಲಿಲ್ಲ, ಆದರೆ ಮೈ ಇನ್ನೂ ಬೆಚ್ಚಗಿತ್ತು. ಓಬಕ್ಕನನ್ನು ಸುಟ್ಟದ್ದು ಆ ಬಿಸುಪು. ಸ್ವಲ್ಪ ಮುಂಚೆ ಬಂದಿದ್ದರೆ? ಓಣಿಯ ಆ ತುದಿಯಿಂದ ಶುರು ಮಾಡಿದ್ದರೆ? ಅವಳು ಹಾಲು ಹನಿಸಿ, ತನ್ನ ತಾಯಿಯ ಹೆಸರಾದ ದುರುಗವ್ವ ಅಂತಲೇ ಕರೆದು, ತನ್ನ ಮಗಳ ಹಸಿರು ಗಾಜಿನ ಬಳೆ ತೊಡಿಸಿ ಮಲಗಿಸಿದಳು. ಅಂದಿನಿಂದ ಆ ಬಿಸುಪು ಅವಳ ಅಂಗೈ ಬಿಡಲಿಲ್ಲ. ಸ್ವಂತ ಮಗಳ ಹಣೆ ಮುಟ್ಟಿದರೂ ಅದೇ ನೆನಪು. ರೊಟ್ಟಿ ಬಡಿಯುವಾಗ ಹಿಟ್ಟು ಬೆಚ್ಚಗಾದರೆ ಬಿಟ್ಟು ಎದ್ದುಬಿಡುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ಅದೇ ಕಿಂಡಿಯ ಒಳಗಿನಿಂದ ಒಂದು ದನಿ ಬಂತು.

"ಎಲ್ಲಿ ಇಟ್ಟೆ?"

ಮುಖ ಕಾಣಲಿಲ್ಲ. ಆದರೆ ಪಂಚಾಕ್ಷರಪ್ಪನ ಮಗಳು ಮರುಳಸಿದ್ದಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿನ ಹಿತ್ತಿಲ ಕೋಣೆ ಸೇರಿದ್ದು ಊರಿಗೇ ಗೊತ್ತಿತ್ತು.

"ಡಿಪೋದಾಗೆ, ಹೊಂಗೆ ಗಿಡದ ಬುಡಕ್ಕೆ ಇಟ್ಟೀನವ್ವ. ಗುಂಡಿಗೆ ಹಾಕಿಲ್ಲ. ಹೆಸರೂ ಇಟ್ಟೀನಿ."

"ಏನಂತ?"

"ದುರುಗವ್ವ."

ಆಮೇಲೆ ತಗಡು ಮೆಲ್ಲಗೆ ಮುಚ್ಚಿಕೊಂಡಿತು.

ತಲೆ ಮೇಲೆ ಹೊರಕೂಡದು ಎಂದು ಸರ್ಕಾರ ಹೇಳಿತು, ಓಣಿಗಳು ಮುಚ್ಚಿದವು. ಎಮರ್ಜೆನ್ಸಿ ಮುಗಿದ ಮಾರನೇ ವರ್ಷ ಡಿಪೋಗೆ ಜೀಪು ಬಂತು. ಪ್ಲಾನಿನ ಸಾಹೇಬ ಗೊಬ್ಬರದ ಗಾಡಿಯ ಮೇಲೆ ನಕ್ಷೆ ಹರಡಿದ. ದಾವಣಗೆರೆ, ಹರಿಹರ ಎರಡೂ ಬೆಳೆದು ಒಂದೇ ಊರಾಗುತ್ತವಂತೆ, ಡಿಪೋ ಎತ್ತಿ ಇಲ್ಲೊಂದು ಮಾದರಿ ಬಡಾವಣೆ ಮಾಡುತ್ತಾರಂತೆ. ಅಗಲ ರಸ್ತೆ, ಮುಚ್ಚಿದ ಚರಂಡಿ, ಗಾಳಿ ಬೆಳಕು. ಪೇಪರಿನಲ್ಲೂ ಬಂದಿತ್ತು. ಓಬಕ್ಕ ದೂರ ನಿಂತು ನಕ್ಷೆಯ ಮೇಲೆ ಹೊಂಗೆ ಮೂಲೆ ಎಲ್ಲಿದೆಯೆಂದು ಹುಡುಕಿದಳು. ಅಲ್ಲಿ ಹಸಿರು ಬಳಿದಿತ್ತು.

"ಅದೇನು ಸಾಬ, ಕೇಳು."

ಹಯಾತ್ ಸಾಬ್ ಕೇಳಿ ಬಂದ. "ಓಬಕ್ಕ, ಅದು ಮಕ್ಕಳ ಪಾರ್ಕಂತೆ. ಮಕ್ಕಳಿಗೆ ಅಂತಾನೇ ಬಿಟ್ಟಾರಂತೆ!"

ಕೇರಿಯ ಹೆಂಗಸರು ನಂಬಿಬಿಟ್ಟರು. ಇಷ್ಟು ದೊಡ್ಡ ನಕ್ಷೆ ಬರೆದವರಿಗೆ ನೆಲದೊಳಗೇನಿದೆಯೆಂದು ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೇ ಹಸಿರು ಬಳಿದಿದ್ದಾರೆ ಅಂದುಕೊಂಡರು. ಕೆಳಗೆ ಅವು ಮಲಗಿರಲಿ, ಮೇಲೆ ಜೀವಂತ ಮಕ್ಕಳು ಆಡಲಿ. ಓಬಕ್ಕ ತೆಂಗಿನಕಾಯಿ, ಬೆಲ್ಲದಚ್ಚು ತಂದು ಸಾಹೇಬನ ಮುಂದೆ ಹಿಡಿದಳು. ಸಾಹೇಬ ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ಅಲ್ಲೇ ಕೆಳಗೆ ಇಡು, ಕೆಳಗೆ" ಎಂದ. ಜೀಪು ಹೋದ ಮೇಲೆ ನೋಡಿದರೆ ಕಾಯಿ ಬೆಲ್ಲ ಅಲ್ಲೇ ಇದ್ದವು, ಬೆಲ್ಲಕ್ಕೆ ಇರುವೆ ಹತ್ತಿತ್ತು.

ಈಗ ಅದೇ ಹಸಿರು ಮೂಲೆಗೆ ಸುಣ್ಣದ ಗೆರೆ ಬಿದ್ದಿತ್ತು. ಹಾರೆ ಅಲ್ಲೇ ಬಿಸಾಕಿದ ಓಬಕ್ಕ ಅಂದು ಸಂಜೆ ಪಂಚಾಕ್ಷರಪ್ಪನ ಮನೆಗೆ ಹೋದಳು. ಇಷ್ಟು ವರ್ಷ ಆ ಮನೆಯ ಹೇಲು ಹೊತ್ತರೂ ಅದರ ಮುಂಬಾಗಿಲನ್ನು ಅವಳು ಕಂಡದ್ದು ಅಂದೇ ಮೊದಲು. ಹಿತ್ತಾಳೆ ಕಟ್ಟಿನ ಬಾಗಿಲು, ಮುಂದೆ ರಂಗೋಲಿ. ಅಂಗಳದಂಚಿಗೆ ನಿಂತು ಕರೆದಳು.

ಅರಳೆ ವ್ಯಾಪಾರಿ, ಬಡಾವಣೆ ಕಮಿಟಿಯ ಯಜಮಾನ, ಹಣೆ ತುಂಬ ವಿಭೂತಿ ಬಳಿದ ಪಂಚಾಕ್ಷರಪ್ಪ ಹೊರಗೆ ಬಂದು ಕೆಂಡವಾದ. "ಮುಂದಿನ ಬಾಗಿಲಿಗೆ ಬರೋವಷ್ಟು ಕೊಬ್ಬು ಬಂತೇನೇ ಮುಂಡೇದೇ? ಹಿಂದುಗಡೆ ಹೋಗು!"

"ಹಿಂದುಗಡೆ ಕಿಂಡಿ ಮುಚ್ಚೀರಲ್ರೀ ಯಪ್ಪಾ. ಒಂದು ಮಾತು ಕೇಳ್ರಿ. ಆ ಮೂಲೆ ಬ್ಯಾಡ್ರಿ. ಬ್ಯಾರೆ ಸೈಟು ನಿಮ್ಗೆ ಬೇಕಾದಷ್ಟು ಐತೆ. ಅಲ್ಲಿ ಕೂಸುಗಳು ಮಲಗ್ಯಾವೆ. ಅಗೀಬ್ಯಾಡ್ರಿ, ಕಾಲಿಗೆ ಬೀಳ್ತೀನಿ."

ಅವನ ಹಿಂದೆ ಬಂದು ನಿಂತ ಹೆಂಡತಿ ಕಸ್ತೂರಮ್ಮನ ಕೈಯಿಂದ ದೀಪದ ಎಣ್ಣೆ ಬಟ್ಟಲು ಜಾರಿ ಬಿತ್ತು. "ಯಾವ ಗಿಡದ ಹತ್ರ?" ಎಂದಳು, ಬಾಯಿ ತಪ್ಪಿ.

ಓಬಕ್ಕ ಗಿಡದ ಮಾತನ್ನೇ ಎತ್ತಿರಲಿಲ್ಲ, ಅದನ್ನು ಹೇಳಿದ್ದು ಅಂದು ಕಿಂಡಿಯ ದನಿಗೆ ಮಾತ್ರ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಪಂಚಾಕ್ಷರಪ್ಪ ಮೆಟ್ಟು ತೆಗೆದು ಬೀಸಿದ. ಅದು ಓಬಕ್ಕನ ಕಿವಿಗೆ ತಾಗಿತು.

"ಹುಚ್ಚು ಸೂಳೆ! ಇನ್ನೊಂದು ಸಲ ಈ ಮಾತು ಆಡಿದ್ರೆ ನಿನ್ನ ಕೇರೀನೇ ಗುಡಿಸಿ ಹಾಕ್ತೀನಿ. ಅಲ್ಲಿ ಇರೋದು ಬರೀ ಕಸ, ತಿಳ್ಕೋ! ನೀವು ಹೊತ್ತ ಕಸ!"

ಓಬಕ್ಕ ಕಿವಿ ಒರೆಸಿಕೊಂಡು ನಡೆದಳು. ಕೈಗೆ ರಕ್ತ ಅಂಟಿತ್ತು. ಅದೂ ಬೆಚ್ಚಗಿತ್ತು.

ಅವಳ ಹಿಂದೆ ಕೇರಿಯ ಯಾರೂ ಆ ಮೂಲೆಯಲ್ಲಿ ಹಾರೆ ಹಿಡಿಯಲಿಲ್ಲ. ಭಾನುವಾರ ಇಳಿಹೊತ್ತಿನಲ್ಲಿ ಅವಳು, ಹಯಾತ್ ಸಾಬ್ ಇಬ್ಬರೇ ಹೊಂಗೆ ಬುಡದಲ್ಲಿ ಕೂತರು. ಸಾಬನಿಗೆ ಈಗ ಹಾರೆ ಎತ್ತುವ ಶಕ್ತಿ ಇರಲಿಲ್ಲ, ಕೈಯಿಂದ ಜಾಗ ತೋರಿಸಿದ. ಓಬಕ್ಕ ಬೆರಳಿನಿಂದಲೇ ಕೆದರಿದಳು. ಮೂಳೆ ಸಿಗಲಿಲ್ಲ. ಎಳೆಗೂಸಿನ ಮೂಳೆ, ಉಪ್ಪಿನ ಬಾಯಿಗೆ ಯಾವತ್ತೋ ಕರಗಿಹೋಗಿತ್ತು. ಬೆಳ್ಳಗಾದ ಮಣ್ಣು ಸಿಕ್ಕಿತು. ಅದರೊಳಗೆ ಹಸಿರು ಬಳೆ, ಒಡೆಯದೆ, ಹಾಗೇ ಇತ್ತು. ಓಬಕ್ಕ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಮನೆ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ತನ್ನ ಹಳೇ ಬಕೀಟು ತಂದು, ಬಳೆಯ ಸಮೇತ ಆ ಮಣ್ಣನ್ನು ತುಂಬಿದಳು.

"ಏನು ಮಾಡ್ತೀ ಬೇಟಿ?"

"ಅವರದ್ದು ಅವರಿಗೆ ಮುಟ್ಟಿಸ್ತೀನಿ ಸಾಬ."

ಸೋಮವಾರ ಶಾಮಿಯಾನ, ಬಾಳೆಕಂದು, ಕುರ್ಚಿಗಳ ಸಾಲು. ಊರಿನ ಹಿರೀ ಮನೆಯವರೆಲ್ಲ ಬಂದಿದ್ದರು. ಪ್ಲಾನಿನ ಸಾಹೇಬನೂ ಇದ್ದ. ಬೆಳ್ಳಿ ತಟ್ಟೆಯಲ್ಲಿ ಹೂವಿನ ಹಾರ ಹಾಕಿದ ಗುದ್ದಲಿ. ವಿಧವೆ ಎದುರಿಗೆ ಬರಬಾರದೆಂದು ಮರುಳಸಿದ್ದಮ್ಮನನ್ನು ದೂರ, ಕಾರಿನ ಪಕ್ಕ ನಿಲ್ಲಿಸಿದ್ದರು. ಅಯ್ಯನವರು ಮಂತ್ರ ಶುರು ಮಾಡಿದರು.

"ಬಾಜೂ... ಬಾಜೂ..."

ಎಲ್ಲರೂ ತಿರುಗಿದರು. ಆ ಕೂಗು ನಿಂತು ಎಷ್ಟೋ ವರ್ಷವಾಗಿದ್ದರೂ ಕಾಲುಗಳು ಮರೆತಿರಲಿಲ್ಲ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಬಕೀಟು, ಓಬಕ್ಕ ರಸ್ತೆ ನಡುವೆ ಬರುತ್ತಿದ್ದಳು. ಪಂಚೆಗಳು ಮೇಲೆದ್ದವು, ಸೆರಗುಗಳು ಮೂಗಿಗೆ ಹೋದವು, ಕುರ್ಚಿಗಳು ಉರುಳಿದವು.

"ಹಿಡೀರಲೇ ಆ ಬೋಸುಡೀನ!" ಪಂಚಾಕ್ಷರಪ್ಪ ಕಿರುಚಿದ. ಹಿಡಿಯಬೇಕಾದರೆ ಮುಟ್ಟಬೇಕಲ್ಲ! ಊರಿಗೆ ಊರೇ ಸರಿದು ದಾರಿ ಬಿಟ್ಟಿತು. ಓಬಕ್ಕ ನೆಟ್ಟಗೆ ಬಂದು ಸುಣ್ಣದ ಚೌಕದೊಳಗೆ, ಗುದ್ದಲಿಯ ಪಕ್ಕ ಬಕೀಟು ಇಳಿಸಿದಳು.

"ತಗೊಳ್ರಿ ಸಾವ್ಕಾರ್ರೇ. ನಿಮ್ಮನೀದು. ಇಷ್ಟು ದಿನ ನಾನು ಸಾಕೀನಿ."

"ಗೋಣೆಪ್ಪಾ, ಎತ್ತಿ ಬಿಸಾಕಲೇ ಅದನ್ನ!"

ಗೋಣೆಪ್ಪ ಎರಡು ಹೆಜ್ಜೆ ಬಂದ. ಬಕೀಟು ನೋಡಿದ, ಹೊಂಗೆಯಾಚೆಯ ಇನ್ನೊಂದು ಮುಳ್ಳಿನ ರಾಶಿ ನೋಡಿದ. ಅವನ ತಾಯಿ ಇಟ್ಟದ್ದು ಅಲ್ಲಿತ್ತು. "ನಂಗೆ ಆಗಂಗಿಲ್ರೀ" ಎಂದು ಖಾಕಿ ಟೋಪಿ ತೆಗೆದು ನಿಂತುಬಿಟ್ಟ.

ಓಬಕ್ಕ ಜನರ ಕಡೆ ತಿರುಗಿದಳು. "ಇದು ಒಂದು. ಉಳಿದವು ಇಲ್ಲೇ ಅದಾವೆ. ಯಾವುದು ಯಾರ ಮನೆ ಕಿಂಡಿಯಿಂದ ಬಂತು ಅಂತ ನಮ್ಗೆ ಗೊತ್ತೈತೆ. ಹೆಸರೂ ಗೊತ್ತೈತೆ. ಕರೀಲೇನ್ರೀ?"

ಒಬ್ಬರು ಕೆಮ್ಮಿ ಹಿಂದೆ ಸರಿದರು, ಇನ್ನೊಬ್ಬರಿಗೆ ಅಂಗಡಿ ತೆಗೆಯುವ ಹೊತ್ತಾಗಿದ್ದು ನೆನಪಾಯಿತು. ಶಾಮಿಯಾನ ಅಂಚಿನಿಂದ ಖಾಲಿಯಾಗತೊಡಗಿತು. ಸಾಹೇಬನ ಜೀಪೂ ಹೊರಟಿತು.

ಎದುರಿನಿಂದ ಒಬ್ಬಳು ಮಾತ್ರ ಬರುತ್ತಿದ್ದಳು. ಮರುಳಸಿದ್ದಮ್ಮ ಬಿಳಿ ಸೀರೆ ಎಳೆದುಕೊಂಡು, ತಾಯಿ ಕೈ ಹಿಡಿದರೂ ಕೊಡವಿ, ಸುಣ್ಣದ ಗೆರೆ ದಾಟಿ ಬಕೀಟಿನ ಮುಂದೆ ಕೂತಳು. ಮೊಣಕೈವರೆಗೆ ಮಣ್ಣೊಳಗೆ ಕೈ ಹಾಕಿದಳು. ಬಳೆ ಸಿಕ್ಕಿತು.

"ಸಿದ್ದೀ! ಏಳು! ಮನೀಗೆ ನಡಿ!" ಅಪ್ಪನ ದನಿ ಒಡೆದಿತ್ತು.

ಅವಳಿಗದು ಕೇಳಿಸಲಿಲ್ಲ. ಮಣ್ಣು ಹಿಡಿದ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು, "ದುರುಗವ್ವಾ" ಎಂದು ಕರೆದಳು. ಮಲಗಿದ ಮಗುವನ್ನು ಎಬ್ಬಿಸುವ ಹಾಗೆ, ಮೆಲ್ಲಗೆ, ಮತ್ತೆ ಮತ್ತೆ.

ಓಬಕ್ಕ ತಲೆಯ ಸಿಂಬಿ ಬಿಚ್ಚಿ, ಕೊಡವಿ, ಅದನ್ನೇ ಹಾಸಿಕೊಂಡು ಅವಳ ಪಕ್ಕ ಕೂತಳು. ಹೂವಿನ ಹಾರ ಹಾಕಿದ ಗುದ್ದಲಿಯನ್ನು ಪಂಚಾಕ್ಷರಪ್ಪನ ಕಾಲ ಕಡೆ ತಳ್ಳಿದಳು.

"ಈಗ ಅಗೀರಿ, ನೋಡಾಣ" ಎಂದಳು.