ಬೆಳ್ಳಗೆ ಉಳಿದ ಸೊನ್ನೆ

"ಮನೆತನದಾಗ ಯಾರ್ನೂ ಮುಚ್ಚಿಡಂಗಿಲ್ರಿ" ಎಂದು ಕುರಿಗಾರ ಜಕ್ಕಪ್ಪ ದೇವರ ಭಂಡಾರ ಮುಟ್ಟಿ ಡಾಕ್ಟರಿಗೆ ಮಾತು ಕೊಟ್ಟದ್ದು ಎಂಬತ್ತಾರನೇ ಇಸವಿಯಲ್ಲಿ, ಕಬ್ಬೂರಿನ ದವಾಖಾನೆಯಲ್ಲಿ. ಅವನು ಹೋದದ್ದು ಕೆಮ್ಮಿಗೆ ಔಷಧ ಕೇಳಲು. ಆವತ್ತು ಶಹರದಿಂದ ಬಂದಿದ್ದ ನರರೋಗದ ಡಾಕ್ಟರು ವಿರುಪಾಕ್ಷಪ್ಪ ಕೆಮ್ಮು ಬಿಟ್ಟು ಅವನ ಬೆನ್ನ ಮೇಲಿನ ಮೆತ್ತನೆಯ ಗಂಟು ಎಣಿಸುತ್ತ ಕೂತರು. ಆಮೇಲೆ ಹೆಂಡತಿ ರಾಮವ್ವನ ಬಗಲಲ್ಲಿದ್ದ ಮೊಮ್ಮಗಳು ಸತ್ತೆವ್ವನ ಅಂಗಿ ಎತ್ತಿಸಿದರು. ಎಳೆ ಹೊಟ್ಟೆಯ ಮೇಲೆ ಚಹಾ ಚೆಲ್ಲಿದಂಥ ಎಂಟು ಕಲೆ.

"ಇದು ಮುಟ್ಟಿದ್ರ ಹತ್ತೂದಲ್ಲ ಜಕ್ಕಪ್ಪಾ, ರಕ್ತದಾಗ ಇಳದ ಬರೂದು. ಬಾಳ ಮಂದಿಗೆ ತ್ರಾಸ ಆಗೂದಿಲ್ಲ. ಆದ್ರ ಕೆಲವು ಕೂಸಿಗೆ ಕಣ್ಣಿನ ನರದಾಗ ಗಂಟ ಬೆಳೀತೈತಿ. ಮನೆತನದಾಗ ಯಾರ್ಯಾರಿಗೆ ಕಲೆ ಅದಾವ ಎಲ್ಲಾ ಹೇಳಬೇಕು. ಈ ಕೂಸಿನ ಕಣ್ಣ ಏಳು ತುಂಬೂತನಾ ವರ್ಷಕ್ಕೊಮ್ಮೆ ನಾನಽ ನೋಡತೇನಿ."

"ನಮ್ಮ ಮನಿ ಅಂದ್ರ ಕುರಿ ಹ್ವಾದಲ್ಲಿರಿ. ಎಲ್ಲಿ ಹುಡಕ್ತೀರಿ?"

"ಹುಡಕೂದ್ಯಾಕ? ಕುರೀನಽ ನನ್ನ ಹೊಲಕ್ಕ ಕರಸ್ತೇನಿ."

ಉಗಾರ ಬುದ್ರುಕದಲ್ಲಿ ಡಾಕ್ಟರರ ಕಬ್ಬಿನ ಹೊಲವಿತ್ತು. ಅಂದಿನಿಂದ ಪ್ರತಿ ವರ್ಷ ಕಬ್ಬು ಕಡಿದ ಮೇಲೆ ಗೊಬ್ಬರಕ್ಕೆಂದು ಅಲ್ಲಿ ಜಕ್ಕಪ್ಪನ ಕುರಿಗಳೇ ರಾತ್ರಿ ತಂಗುತ್ತಿದ್ದವು.

"ಖರೇ ಹೇಳ್ರಿ ಸಾಹೇಬ್ರ, ಕೂಸಿನ ಕಣ್ಣ ನೋಡಾಕ ಬರ್ತೀರೋ, ಕುರಿ ಹಿಕ್ಕಿ ಎಣಸಾಕೋ?" ಎಂದು ಜಕ್ಕಪ್ಪ ಕಾಡುತ್ತಿದ್ದ.

ಡಾಕ್ಟರು ಹಿಂಡಿನ ನಾಯಿಗೆ ಅಂಜಿ ಬಂಡಿಯ ಮೇಲೆ ಹತ್ತಿ ಕೂತೇ ಸತ್ತೆವ್ವನ ಕಣ್ಣಿಗೆ ಬೆಳಕು ಬಿಡುತ್ತಿದ್ದರು. ಬಳಿಕ ಒಂದು ದೊಡ್ಡ ಹಾಳೆ ಬಿಚ್ಚುತ್ತಿದ್ದರು. ಅದರಲ್ಲಿ ಜಕ್ಕಪ್ಪನ ಮನೆತನವೇ ಇತ್ತು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಕಲೆ ಇದ್ದವರಿಗೆ ಮಸಿ. ಜಕ್ಕಪ್ಪನದು ಕಪ್ಪು, ಮಗನದು ಕಪ್ಪು, ಆ ಮಗನ ಮಗಳು ಸತ್ತೆವ್ವನದು ಕಪ್ಪು. ಮಗಳು ಸುಂದರಾಳದು ಮಾತ್ರ ಬೆಳ್ಳಗಿತ್ತು. ಆಗ ಅವಳಿಗೆ ವರ ನೋಡುತ್ತಿದ್ದರು. ಕುಪ್ಪಸದ ಒಳಗಿನ ಕಲೆಯನ್ನು ಜಕ್ಕಪ್ಪ ಕುಪ್ಪಸದ ಒಳಗೇ ಬಿಟ್ಟಿದ್ದ.

ಹಾಗೆಂದು ಅವನಿಗೆ ವಂಶದ ಲೆಕ್ಕ ಬಾರದೆಂದಲ್ಲ. ಕರಿಮೂತಿಯ ಟಗರಿನ ಅವ್ವನ ಅವ್ವ ಚಿಂಚಲಿ ಸಂತೆಯದು, ಅದರ ಎಡಗಿವಿ ಗಿಡ್ಡ ಎಂದು ಐದು ತಲೆಮಾರು ನಿಲ್ಲದೆ ಹೇಳುತ್ತಿದ್ದ.

ತೊಂಬತ್ತಮೂರರಲ್ಲಿ ಸತ್ತೆವ್ವನಿಗೆ ಏಳು ತುಂಬಿತು. ಡಾಕ್ಟರು ಬೆಳಕು ಬಿಟ್ಟು, ದೂರದ ಎಮ್ಮೆಯ ಕೊಂಬು ಎಣಿಸಲು ಹೇಳಿ, ನಕ್ಕರು.

"ಕಣ್ಣ ಚೊಲೋ ಅದಾವು. ಇನ್ನ ಶಾಲಿಗೆ ಹಚ್ಚು. ಮುಂದಿನ ವರ್ಷ ನನಗಿಲ್ಲೇನ ಕೆಲಸಿಲ್ಲ, ಈ ಹಾಳಿನೂ ಮುಗೀತು."

ಜಕ್ಕಪ್ಪ ಉಸಿರು ಬಿಟ್ಟ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಸುಂದರಾ ಬಾಣಂತನಕ್ಕೆ ಬಂದಿದ್ದಳು. ಅವಳ ಮೂರು ತಿಂಗಳ ಗಂಡುಕೂಸಿನ ತೊಡೆಯ ಮೇಲೆ ಮೊನ್ನೆ ಎಣ್ಣೆ ಹಚ್ಚುವಾಗ ಮೂರು ಕಲೆ ಕಂಡಿದ್ದವು. ಹೇಳಿದರೆ ಬೀಗರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಆ ಕಣ್ಣು ನೋಡುವವರಿಲ್ಲ.

ರಾಮವ್ವ ಗಂಡನತ್ತ ನೋಡಲಿಲ್ಲ. ಟಗರಿನ ಕೊರಳು ತುರಿಸುತ್ತ ಅದಕ್ಕೇ ಹೇಳಿದಳು: "ನಿನ್ನ ಮಾರೂ ಮುಂದ ನಿನ್ನ ಹಲ್ಲು, ಗೊರಸು, ಕುಂಟ ಎಲ್ಲಾ ಹೇಳಿ ಮಾರ್ತಾನಪಾ ನಮ್ಮ ಮಾಲಕ. ಬಾಳ ಪ್ರಾಮಾಣಿಕ ಮನಷ್ಯಾ."

ಜಕ್ಕಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿದ.

"ಸಾಹೇಬ್ರ, ಆ ಹಾಳಿ ಮಡಚಬ್ಯಾಡ್ರಿ. ಸುಂದರಾನ ಸೊನ್ನಿಗೂ ಮಸಿ ಹಚ್ರಿ. ಅದರ ಕೆಳಗ ಒಂದ ಚೌಕ ಬರೀರಿ. ಅದಕೂ ಹಚ್ಚೂದಾಗ್ತೈತೇನೋ."

ಡಾಕ್ಟರು ಪೆನ್ನು ತೆಗೆದರು.

"ಐದ ತಲಿಮಾರು ಕುರಿ ನೆನಪಿಟ್ಟಾವಗ ಒಬ್ಬಾಕಿ ಮಗಳು ಮರತ ಹೋಗಿದ್ಲೇನು?"

"ನೆನಪಿತ್ರಿ. ಅದಕಽ ಮರತಿದ್ದೆ."

"ಬೀಗರ ಕೂಡ ನಾ ಮಾತಾಡ್ತೇನಿ. ಕೂಸಿನ ಕರಕೊಂಬಾ."

"ಮತ್ತ ಏಳು ವರ್ಷ ಹಿಕ್ಕಿ ಬೇಕೇನ್ರಿ?" ಎಂದ ಜಕ್ಕಪ್ಪ.

ಸುಂದರಾಳ ಸೊನ್ನೆ ಕಪ್ಪಾಯಿತು. ಏಳು ವರ್ಷ ತಡವಾಗಿ ಜಕ್ಕಪ್ಪ ಕೊಟ್ಟ ಮಾತು ನಡೆಸಿದ.