ಕೆಂಚನೂ ಹೊಂಗೆಣ್ಣೆಯ ಲಾರಿಯೂ

ಆ ವರ್ಷ ಚಳಿಗಾಲದಲ್ಲಿ ಸಮುದ್ರದಾಚೆ ಎಲ್ಲೋ ಒಂದು ಕಾಲುವೆ ಮುಚ್ಚಿತಂತೆ, ಇಲ್ಲಿ ಇಳಕಲ್ಲಿನಲ್ಲಿ ನನ್ನ ಅಕ್ಕನ ಮಗ ಕಾಶಪ್ಪನ ಲಾರಿ ನಿಂತಿತು. ನಮ್ಮ ಓಣಿಯ ಗಟಾರ ಮುಚ್ಚಿದರೆ ಪಕ್ಕದ ಓಣಿಗೂ ಗೊತ್ತಾಗುವುದಿಲ್ಲ. ಆದರೆ ಡೀಸೆಲ್ಲೆಲ್ಲ ಆ ಕಾಲುವೆಯಿಂದಲೇ ಬರುತ್ತಿತ್ತಂತೆ. ಪಂಪಿನವನು ವಾರಕ್ಕೆ ಒಂದು ಡಬ್ಬಿ ಕೊಡುತ್ತಿದ್ದ, ಅದೂ ಕೂಸಿಗೆ ಔಷಧ ಕುಡಿಸುವವರ ಹಾಗೆ ಅಳೆದು ಅಳೆದು.

ನನ್ನ ಎಣ್ಣೆ ಗಾಣ ಅದಕ್ಕೂ ಮೊದಲೇ ನಿಂತಿತ್ತು. ಪೇಟೆಗೆ ಇಂಜಿನ್ನಿನ ಗಿರಣಿ ಬಂದ ಮೇಲೆ ಜನ ಕುಸುಬೆ ಚೀಲ ಹೊತ್ತುಕೊಂಡು ಅಲ್ಲಿಗೇ ಹೋದರು. ನನ್ನ ಗಂಡ ತೀರಿಕೊಂಡಾಗಿನಿಂದ ಹನ್ನೊಂದು ವರ್ಷ ಗಾಣ ನಡೆಸಿದ್ದು ನಾನು ಮತ್ತು ನನ್ನ ಎತ್ತು ಕೆಂಚ, ಇಬ್ಬರೇ. ಕಣ್ಣಿಗೆ ಬಟ್ಟೆ ಕಟ್ಟಿದರೆ ಸಾಕು, ಎಡಕ್ಕೆ ತಿರುಗಿ ಸುತ್ತು ಶುರು ಮಾಡುತ್ತಿದ್ದ. ಅವನು ಸುತ್ತಿದ್ದನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ಕಾಶಿಗೆ ನೂರು ಸಲ ಹೋಗಿ ಬರಬಹುದಿತ್ತು. ಆದರೆ ನಮ್ಮ ಓಣಿಯ ಕೊನೆ ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ಬಾದಾಮಿಯ ರೈತ ಅಂದಪ್ಪ ಕೆಂಚನನ್ನು ಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದ. ಕಾಶಪ್ಪನಿಗೂ ಅದೇ ಸರಿಯೆನಿಸಿತ್ತು.

“ಚಿಗವ್ವಾ, ಕುಂತು ತಿನ್ನೋ ಎತ್ತು ಯಾಕ ಬೇಕು? ಅಂದಪ್ಪಗ ಕೊಟ್ಟಬಿಡು.”

“ನಿನ್ನ ಲಾರಿನೂ ಕುಂತೈತಿ. ಅದನ್ನೂ ಕೊಟ್ಟಬಿಡೂಣೇನು?”

“ಲಾರಿಗೆ ಎಣ್ಣಿ ಇಲ್ಲ, ನಾ ಏನ್ ಮಾಡ್ಲಿ?”

“ನನ್ನ ಮನ್ಯಾಗ ಎಣ್ಣಿ ಬಿಟ್ರ ಮತ್ತೇನೈತೋ ಹುಚ್ಚಪ್ಪಾ?”

ಕಾಶಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ ಮಿಸ್ತ್ರಿ ಹುಸೇನಪೀರ ಮಾತ್ರ ನಗಲಿಲ್ಲ. ಬರೀ ತಲೆ ಹೊರಗೆ ಹಾಕಿ ಹೇಳಿದ:

“ನಗಬ್ಯಾಡಲೇ. ಡೀಸೆಲ್ ಇಂಜಿನ್ ದೊಡ್ಡ ಹೊಟ್ಟಿಬಾಕ. ಬಿಸಿ ಮಾಡಿ ಕೊಟ್ರ ಹೊಂಗಿ ಎಣ್ಣಿನೂ ಕುಡೀತೈತಿ. ಯುದ್ಧದ ಕಾಲಕ್ಕ ಸೊಲ್ಲಾಪುರದಾಗ ನಾನ ಕುಡಿಸೇನಿ.”

ಆಗಲೇ ನಾನು ಮಾತು ಕೊಟ್ಟೆ. ಕಾಶಪ್ಪ ಹೇಗೂ ಬಾದಾಮಿಗೆ ಹಾಸುಗಲ್ಲು ಮುಟ್ಟಿಸಬೇಕಿತ್ತು. ಕೆಂಚನನ್ನೂ ಅದರಲ್ಲೇ ಹತ್ತಿಸುವುದು. ನನ್ನ ಎಣ್ಣೆಯಲ್ಲಿ ಲಾರಿ ನಿಲ್ಲದೆ ಬಾದಾಮಿ ಮುಟ್ಟಿದರೆ ಕೆಂಚ ನನ್ನವನೇ, ವಾಪಸು ಬಂದು ಗಾಣಕ್ಕೆ. ದಾರಿಯಲ್ಲಿ ಕೆಟ್ಟು ನಿಂತರೆ, ನಾನೇ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಅಂದಪ್ಪನ ಕೈಗೆ ಕೊಡುವುದು.

ಹಿಂದಿನ ಬೇಸಿಗೆಯ ಹೊಂಗೆ ಬೀಜ ನಾಲ್ಕು ಚೀಲ ಉಳಿದಿತ್ತು. ಕೆಂಚ ಮೂರು ದಿನ ಸುತ್ತಿದ. ಎಣ್ಣೆಯನ್ನು ಕೊಡಗಳಲ್ಲಿ ಐದು ದಿನ ಅಲುಗಾಡಿಸದೆ ಇಟ್ಟೆ. ಗಸಿ ಕೆಳಗಿಳಿದ ಮೇಲೆ ಒಲೆಗೆ ಏರಿಸಿ, ಒಂದಿಷ್ಟು ಬೂದಿಯ ತಿಳಿನೀರು ಹಾಕಿ ತಿರುವಿದೆ. ಎಣ್ಣೆಯ ಕಲ್ಮಶ ಸಾಬೂನಿನ ಹಾಗೆ ಗಡ್ಡೆ ಕಟ್ಟಿ ತಳ ಸೇರಿತು. ಮೇಲಿನದನ್ನು ನನ್ನ ಮದುವೆಯ ಇಳಕಲ್ ಸೀರೆಯಲ್ಲಿ ನಾಲ್ಕು ಮಡಿಕೆ ಮಾಡಿ ಸೋಸಿದೆ. ಮತ್ತೆ ಕಾಯಿಸಿದೆ, ನೀರಿನ ಚಟಪಟ ಸದ್ದು ಪೂರ್ತಿ ನಿಲ್ಲುವ ತನಕ. ಅಷ್ಟು ತಿಳಿಯಾಗಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡು ನಾನು ಹತ್ತು ವರ್ಷ ಸಣ್ಣವಳಾದೆ.

ಹುಸೇನಪೀರ ಲಾರಿಗೆ ಇನ್ನೊಂದು ಡಬ್ಬಿ ಕೂರಿಸಿ, ಅದರ ಕೊಳವೆಯನ್ನು ಹೊಗೆ ಕೊಳವೆಗೆ ಸುತ್ತಿದ. ಎರಡು ಡಬ್ಬಿಗಳ ನಡುವೆ ಒಂದು ನಳ.

“ಕಾಶಪ್ಪಾ, ಚಲೋತ್ನಾಗಿ ಕೇಳು. ಸುರು ಮಾಡೂದು ಡೀಸೆಲ್‌ದಾಗ. ಕಾದ ಮ್ಯಾಲೆ ನಳ ತಿರುವಿ ಹೊಂಗಿ ಎಣ್ಣಿ. ನಿಲ್ಲಸೂಕಿಂತ ಮದಲ ಮತ್ತ ಡೀಸೆಲ್ ಕುಡಿಸಬೇಕು. ಇಲ್ಲಾಂದ್ರ ಈ ಚಳಿಗೆ ಎಣ್ಣಿ ಕೊಳವಿಯಾಗ ತುಪ್ಪ ಆಗಿ ಕುಂದರತೈತಿ.”

“ಆತು ಬಿಡೋ, ನಾ ಏನ್ ಸಣ್ಣ ಕೂಸೇನು?” ಎಂದ ಕಾಶಪ್ಪ.

ಬೆಳಿಗ್ಗೆ ಹೊರಟೆವು. ಮುಂದೆ ಕಾಶಪ್ಪ, ನಾನು, ಹುಸೇನಪೀರ. ಹಿಂದೆ ಕಲ್ಲು, ಹುಲ್ಲು, ಕೆಂಚ. ಊರು ದಾಟಿದ ಮೇಲೆ ನಳ ತಿರುಗಿಸಿದರು. ಲಾರಿ ಒಂದು ಸಲ ಬಿಕ್ಕಿತು, ಆಮೇಲೆ ಸಣ್ಣಗೆ ಗುನುಗುತ್ತಾ ಓಡಿತು. ಆ ಹೊಗೆಯ ವಾಸನೆಗೆ ದಾರಿಯ ಸೊಳ್ಳೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಾಗಲಕೋಟೆಗೆ ವಲಸೆ ಹೋದವು.

ಹುನಗುಂದ ಬಂತು. ಅಲ್ಲಿ ದಾರಿ ಬದಿಯ ಬಯಲಿಗೆ ಮುಖ ಮಾಡಿ ನನ್ನ ನಾದಿನಿ ಶಿವಬಸವ್ವನ ಮನೆ. ಗಾಣ ನಿಂತಾಗ ಅವಳು, “ಇನ್ನ ಅದನ್ನ ಒಲಿಗೆ ಹಾಕಿ ರೊಟ್ಟಿ ಬಡಿ” ಎಂದಿದ್ದಳು. ಲಾರಿಯಲ್ಲಿ ಮುಂದೆ ಕೂತ ನನ್ನನ್ನು ಅವಳು ನೋಡದೆ ಹೋದರೆ ಈ ಪ್ರಯಾಣಕ್ಕೆ ಅರ್ಥವೇನು?

“ನಿಲ್ಲಸೋ, ನಿಲ್ಲಸೋ! ಶಿವಬಸಿ ಬಾಗಲದಾಗ ನಿಂತಾಳ!”

ನನ್ನ ಕೂಗಿಗೆ ಗಾಬರಿಯಾಗಿ ಕಾಶಪ್ಪ ಲಾರಿ ನಿಲ್ಲಿಸಿಯೇ ಬಿಟ್ಟ. ಇಂಜಿನ್ ಆರಿತು. ನಳದ ನೆನಪು ಯಾರಿಗೂ ಬರಲಿಲ್ಲ. ಹುಸೇನಪೀರ ಆಗಲೇ ಚಹಾದ ಅಂಗಡಿಯತ್ತ ನಡೆದಿದ್ದ.

ಶಿವಬಸವ್ವ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು. ನಾನು ಸುದ್ದಿ ಕೊಟ್ಟೆ. ಎರಡು ತಾಸು ಕೊಟ್ಟೆ. ಹೊರಗೆ ಬಂದು ನೋಡಿದರೆ ಕಾಶಪ್ಪ ಹ್ಯಾಂಡಲ್ ತಿರುವಿ ತಿರುವಿ ಬೆವರಿನಲ್ಲಿ ಮಿಂದಿದ್ದ. ಲಾರಿ ತುಟಿ ಬಿಚ್ಚಲಿಲ್ಲ.

“ನಳಾ ತಿರುವಿದ್ದೇನಲೇ?” ಎಂದ ಹುಸೇನಪೀರ.

ಕಾಶಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಶಿವಬಸವ್ವನ ಬಚ್ಚಲಿನ ಹಂಡೆಯ ಬಿಸಿನೀರೆಲ್ಲ ಕೊಳವೆಯ ಮೇಲೆ ಸುರಿದೆವು. ಎಣ್ಣೆ ಕರಗಿತು, ಆದರೆ ಇಂಜಿನ್ ತಣ್ಣಗಾಗಿತ್ತು. ಇನ್ನು ಎಳೆದೇ ಸುರು ಮಾಡಬೇಕು ಎಂದ ಹುಸೇನಪೀರ. ಕಲ್ಲು ಇಳಿಸಿ ಹತ್ತು ಜನ ನೂಕಿದರು. ಲಾರಿ ಗೇಣು ಸರಿದು ಮತ್ತೆ ಕೂತಿತು.

ಕೆಂಚ ಮೇಲಿನಿಂದ ನೋಡುತ್ತಿದ್ದ. ಮಾತು ಕೊಟ್ಟವಳು ನಾನು, ನಿಲ್ಲಿಸಿದವಳೂ ನಾನೇ. ಲಾರಿಯ ಹಿಂದಿನ ಹಲಗೆ ಇಳಿಸಿ ಅವನ ಹಗ್ಗ ಹಿಡಿದೆ.

“ಎಲ್ಲಿಗೆ ಅತ್ತಿಗೆವ್ವಾ?” ಎಂದಳು ಶಿವಬಸವ್ವ.

“ಬಾದಾಮಿಗೆ. ನಡಕೊಂತ. ಮಾತು ಮಾತ.”

“ತಡೀರಿ ಯವ್ವಾ,” ಎಂದ ಹುಸೇನಪೀರ. “ಹತ್ತು ಮಂದಿ ಅದಾರ, ಹನ್ನೊಂದನೆಯವ ಇವ ಆಗ್ಲಿ.”

ಲಾರಿಯ ಮೂತಿಗೆ ಹಗ್ಗ ಕಟ್ಟಿದರು. ಕೆಂಚ ಹೆಜ್ಜೆ ಕೀಳಲಿಲ್ಲ. ಕಣ್ಣೆದುರು ಇಷ್ಟು ದೊಡ್ಡ ಬಯಲು ಅವನು ಕಂಡೇ ಇರಲಿಲ್ಲ. ಜನ ಬೈದರು, ಬಾಲ ತಿರುವಿದರು. ನಾನು ಅವರನ್ನೆಲ್ಲ ಸರಿಸಿ, ನನ್ನ ಸೆರಗಿನ ತುದಿ ಹರಿದು ಅವನ ಕಣ್ಣಿಗೆ ಕಟ್ಟಿದೆ. ಕಿವಿಯ ಹತ್ತಿರ ಮೆಲ್ಲಗೆ, “ಹೋಯ್, ಕೆಂಚಾ, ಗಾಣಾ ತಿರಗಲಿ” ಎಂದೆ.

ಕೆಂಚ ಕುತ್ತಿಗೆ ಬಗ್ಗಿಸಿದ. ಎಳೆದ. ಎಡಕ್ಕೆ ಎಳೆದ.

“ಏ, ದಾರಿ ಆ ಕಡೆ ಐತಿ!” ಎಂದು ಜನ ಕೂಗಿದರು.

“ದಾರಿ ಹಾಳಾಗ್ಲಿ, ಗಾಲಿ ತಿರುಗಿದ್ರ ಸಾಕು! ಕಾಶಪ್ಪಾ, ಎಡಕ್ಕ ಹೊಳ್ಳಸು! ನೂಕ್ರಿಪಾ!” ಎಂದು ಹುಸೇನಪೀರ ಅಬ್ಬರಿಸಿದ.

ಹುನಗುಂದದ ಬಯಲಿನಲ್ಲಿ ಲಾರಿ ಗಾಣವಾಯಿತು. ಒಂದು ಸುತ್ತು. ಎರಡು. ಹಿಂದೆ ಹತ್ತು ಜನರ ಏದುಸಿರು, ಮುಂದೆ ಕಣ್ಣು ಕಟ್ಟಿಕೊಂಡು ತನ್ನ ಮನೆಯಲ್ಲೇ ಇದ್ದ ಕೆಂಚ. ಮೂರನೆಯ ಸುತ್ತಿಗೆ ಲಾರಿ ಕೆಮ್ಮಿತು, ಬಿಕ್ಕಿತು, ಬಿಳಿ ಹೊಗೆ ಬಿಟ್ಟು ಗುಡುಗಿತು. ಆ ಗುಡುಗಿಗೆ ವಿಜಾಪುರದವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ತೆಗೆದರಂತೆ.

ಕಲ್ಲನ್ನೂ ಕೆಂಚನನ್ನೂ ಮತ್ತೆ ಹತ್ತಿಸಿ, ಮಧ್ಯಾಹ್ನ ಇಳಿಯುವಾಗ ಬಾದಾಮಿ ಮುಟ್ಟಿದೆವು. ಈ ಸಲ ಕಾಶಪ್ಪ ನಿಲ್ಲಿಸುವ ಮೊದಲೇ ನಳ ತಿರುಗಿಸಿದ. ಅಂದಪ್ಪ ಹೊಸ ಹಗ್ಗ ಹಿಡಿದು ಕಾಯುತ್ತಿದ್ದ.

“ಅಂದಪ್ಪಾ,” ಎಂದೆ, “ಲಾರಿ ದಾರ್ಯಾಗ ನಿಂತಿತ್ತು. ಮಾತಿನಂಗ ಎತ್ತು ನಿಂದು.”

ಅವನು ಹಗ್ಗ ಬಿಚ್ಚುವಷ್ಟರಲ್ಲಿ ಕಾಶಪ್ಪ ಅಡ್ಡ ಬಂದ.

“ಎತ್ತು ಕೊಡೂದಿಲ್ರಿ. ಲಾರಿ ನಿಂತಿದ್ದು ಎಣ್ಣಿಯಿಂದಲ್ಲ, ನಮ್ಮ ಚಿಗವ್ವನ ಹರಟಿಯಿಂದ. ನನಗ ನಾಳೆ ಎಣ್ಣಿ ಬೇಕು, ನಾಡದು ಬೇಕು. ಎಣ್ಣಿಗೆ ಇಂವ ಬೇಕು.”

“ಹಂಗಾದ್ರ ನಾ ತಂದ ಹಗ್ಗ ಏನ್ ಮಾಡ್ಲೋ ತಮ್ಮಾ?”

“ಅದನ್ನಿಷ್ಟು ಕೊಡ್ರಿ. ಹೊಳ್ಳಿ ಹೋಗುವಾಗ ಮತ್ತ ಹುನಗುಂದ ಬರ್ತೈತಿ, ಮತ್ತ ಶಿವಬಸವತ್ತಿ ಬಾಗಲದಾಗ ನಿಂತಿರ್ತಾಳ.”

ಅಂದಪ್ಪ ನಕ್ಕು ಹಗ್ಗ ಕೊಟ್ಟ, ಜೊತೆಗೆ ಕೆಂಚನಿಗೆ ಒಂದು ಹೊರೆ ಜೋಳದ ಕಣಿಕೆ.

ಬೇಸಿಗೆಗೆ ಆ ಕಾಲುವೆ ತೆರೆಯಿತಂತೆ, ಡೀಸೆಲ್ಲೂ ಬಂತು. ಕಾಶಪ್ಪ ಮಾತ್ರ ವಾರಕ್ಕೊಮ್ಮೆ ಡಬ್ಬಿ ಹಿಡಿದು ನನ್ನ ಗಾಣಕ್ಕೆ ಬರುವುದನ್ನು ಬಿಡಲಿಲ್ಲ. ಕೆಂಚ ಹಿಂದಿನ ಹಾಗೇ ಸುತ್ತುತ್ತಾನೆ. ಆದರೆ ಪ್ರತಿ ಸುತ್ತಿನಲ್ಲೂ ಹುನಗುಂದದ ದಾರಿಯ ಕಡೆಗೆ ಮುಖವಾದಾಗ ಅರೆಗಳಿಗೆ ನಿಲ್ಲುತ್ತಾನೆ, ಕಣ್ಣಿಗೆ ಬಟ್ಟೆ ಇದ್ದರೂ. ನಾನು ಅವಸರ ಮಾಡುವುದಿಲ್ಲ.