ಹಿಮ ಸರಿಸಿದವನ ವಿರುದ್ಧ

ಡಿಟ್ರಾಯಿಟ್ ಸುತ್ತಮುತ್ತಲಿನ ಕೋರ್ಟುಗಳಲ್ಲಿ ವಹೀದಾ ಹಲವು ವರ್ಷ ದುಭಾಷಿಯಾಗಿದ್ದಳು. ಹಾವೇರಿಯವಳು, ಕನ್ನಡ, ಉರ್ದು, ಹಿಂದಿ ಮೂರೂ ಸಲೀಸು. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನು ಇಂಗ್ಲಿಷಿಗೆ, ಜಡ್ಜ್ ಹೇಳಿದ್ದನ್ನು ಅವರ ಭಾಷೆಗೆ ತಿರುಗಿಸುವುದು ಕೆಲಸ. ತನ್ನದೆಂದು ಒಂದು ಮಾತನ್ನೂ ಸೇರಿಸುವಂತಿರಲಿಲ್ಲ. ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದೆ ವಕೀಲ ಕೂತುಬಿಟ್ಟಾಗ ಅದು ಅವಳ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ನುಂಗಿಕೊಂಡು ಮನೆಗೆ ಬರುತ್ತಿದ್ದಳು.

ಒಂದು ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು, “ನಾ ಲಾ ಓದ್ತೀನ್ರಿ.”

ಷರೀಫನದು ಫಾರ್ಮಿಂಗ್ಟನ್‌ನಲ್ಲಿ ಟೈರ್ ಅಂಗಡಿ. ರೊಟ್ಟಿ ಮುರಿಯುತ್ತಿದ್ದವನ ಕೈ ನಿಂತಿತು. “ಈಗ?”

“ಈಗಲ್ರೀ, ಸೆಪ್ಟೆಂಬರಿಗೆ.”

ನದಿ ದಾಟಿದರೆ ಕೆನಡಾದ ವಿಂಡ್ಸರ್. ಅಲ್ಲಿ ಎಲ್ಎಲ್‌ಬಿ ಇತ್ತು; ನಡುವಯಸ್ಸಿನವರಿಗೂ ಸೀಟು ಸಿಗುತ್ತಿತ್ತು. ೨೦೦೪ರ ಸೆಪ್ಟೆಂಬರಿನಿಂದ ವಹೀದಾ ತಾವಿದ್ದ ನೋವೈಯಿಂದ ದಿನಾ ನದಿಯಡಿಯ ಸುರಂಗದ ಮೂಲಕ ಗಡಿ ದಾಟಿ ಕಾಲೇಜಿಗೆ ಹೋಗತೊಡಗಿದಳು. ಜೊತೆಗೆ ಅದೇ ಬಡಾವಣೆಯ ದಿಯಾ. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಆಗಷ್ಟೇ ಡಿಗ್ರಿ ಮುಗಿಸಿದ್ದ ಚುರುಕು ಹುಡುಗಿ. ಅವಳಮ್ಮ ಶುಭಾ, “ಆಂಟಿ ಜೊತೆ ಹೋದ್ರೆ ನಂಗೂ ನಿಶ್ಚಿಂತೆ” ಎಂದು ಕಾರು ಹತ್ತಿಸಿ ಕಳಿಸಿದ್ದಳು. ವಹೀದಾ ಡ್ರೈವ್ ಮಾಡುತ್ತಿದ್ದಳು, ದಿಯಾ ಪಕ್ಕದಲ್ಲಿ ಕೂತು ಆ ದಿನದ ಕೇಸುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು.

ಕಾನೂನೆಂದರೆ ನಿಯಮಗಳ ದೊಡ್ಡ ಪುಸ್ತಕ, ಬಾಯಿಪಾಠ ಮಾಡಿದರೆ ಮುಗಿಯಿತು ಎಂದುಕೊಂಡಿದ್ದಳು ವಹೀದಾ. ತರಗತಿಯಲ್ಲಿ ನಿಯಮವನ್ನು ಯಾರೂ ಹೇಳಿಕೊಡಲೇ ಇಲ್ಲ. ಪುಟಗಟ್ಟಲೆ ತೀರ್ಪು ಓದಿಕೊಂಡು ಹೋದರೆ ಯಾರಿಗಾದ ಹಾನಿಗೆ ಯಾರು ಹೊಣೆ ಎಂಬುದನ್ನು ಕಲಿಸುವ ಟಾರ್ಟ್ಸ್ ಪ್ರೊಫೆಸರ್, ಬಿಳಿಗೂದಲಿನ ಗಂಭೀರ ಹೆಂಗಸು, ಒಂದೇ ಒಂದು ಸಂಗತಿಯನ್ನು ಬದಲಿಸುತ್ತಿದ್ದರು. ನಾಯಿ ಕಚ್ಚಿದ್ದು ಸರಿ, ಆದರೆ ಗೇಟು ತೆರೆದದ್ದು ಮಗುವಾಗಿದ್ದರೆ? ಬೋರ್ಡು ಇತ್ತು, ಓದಲು ಬಾರದವನಾಗಿದ್ದರೆ? ಉತ್ತರ ಹೇಳಿದವರಿಗೆ ಇನ್ನೊಂದು ಪ್ರಶ್ನೆ. ಉಳಿದವರೆಲ್ಲ ಜಾಣರು, ತಮಗೆ ಮಾತ್ರ ತಲೆಯಿಲ್ಲ ಎಂದು ಪ್ರತಿಯೊಬ್ಬರೂ ಒಳಗೊಳಗೇ ನಂಬಿದ್ದರು. ಇದು ವಹೀದಾಗೆ ಆಮೇಲೆ ತಿಳಿಯಿತು.

ಡಿಸೆಂಬರಿನ ಪರೀಕ್ಷೆಯಲ್ಲಿ ಅವಳು ಕೈ ಸೋಲುವಷ್ಟು ಬರೆದಳು. ಯಾವ ಜಡ್ಜ್ ಏನು ಹೇಳಿದ್ದ, ಒಂದೂ ಬಿಡಲಿಲ್ಲ. ಫೇಲಾದಳು. ಕೊಠಡಿಗೆ ಕರೆದು ಪ್ರೊಫೆಸರ್ ಕೇಳಿದ್ದು ಒಂದೇ: “ಇದರಲ್ಲಿ ಎಲ್ಲ ಜಡ್ಜ್‌ಗಳೂ ಮಾತಾಡಿದ್ದಾರೆ. ನೀವೆಲ್ಲಿದ್ದೀರಿ?”

ಪಾರ್ಕಿಂಗ್ ಲಾಟಿನಲ್ಲಿ ಸ್ಟೀರಿಂಗ್ ಹಿಡಿದು ಅತ್ತಳು. ಪಕ್ಕದಲ್ಲಿದ್ದ ದಿಯಾ ಟಿಶ್ಯೂ ಕೊಟ್ಟು, “ಇಟ್ಸ್ ಜಸ್ಟ್ ಒನ್ ಎಕ್ಸಾಮ್, ಆಂಟಿ” ಎಂದಳು.

“ಒಂದ ಅಲ್ಲವ್ವಾ. ಇಷ್ಟ ವರ್ಷ ನಾ ಮಾಡಿದ್ದ ಅದನ್ನ. ಅವರಿವರ ಮಾತು ಒಪ್ಪಿಸೋದು.”

ಮಾರ್ಚಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆ ಬಂತು. ಮೊದಲ ವರ್ಷದವರೆಲ್ಲ ವಾದಿಸಲೇಬೇಕು. ಯಾವ ಪರ ಎಂಬುದು ಚೀಟಿ ಎತ್ತಿ ನಿರ್ಧಾರ. ಸುತ್ತಿನಿಂದ ಸುತ್ತಿಗೆ ಗೆಲ್ಲುತ್ತ ಫೈನಲ್ಲಿಗೆ ಬಂದವರು ಇಬ್ಬರು: ದಿಯಾ ಮತ್ತು ವಹೀದಾ.

ಕೇಸು ಇಷ್ಟೇ. ನಿವೃತ್ತನಾದ ಮುದುಕನೊಬ್ಬ ಚಳಿಗಾಲದಲ್ಲಿ ನೆರೆಮನೆಗಳ ಮುಂದಿನ ಕಾಲುದಾರಿಯ ಹಿಮವನ್ನೂ ತಾನೇ ಸರಿಸುತ್ತಿದ್ದ. ಒಂದು ಬೆಳಿಗ್ಗೆ ಉಳಿದ ಹಿಮ ಕರಗಲೆಂದು ಬಿಸಿನೀರು ಸುರಿದ. ನೀರು ಗಾಜಿನಂತೆ ಹೆಪ್ಪುಗಟ್ಟಿತು. ಕೆಲಸಕ್ಕೆ ಹೊರಟ ನರ್ಸ್ ಒಬ್ಬಳು ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಕೆಳಗಿನ ಕೋರ್ಟು ಮುದುಕನದು ತಪ್ಪಿಲ್ಲ ಎಂದಿತ್ತು. ದಿಯಾ ಮುದುಕನ ಪರ. ವಹೀದಾಗೆ ಬಂದದ್ದು ನರ್ಸಿನ ಪರ.

“ಒಳ್ಳೇದು ಮಾಡಿದಾಂವನ ಮ್ಯಾಲೆ ನಾ ಹೆಂಗ ಬೀಳ್ಲಿ?” ಎಂದು ಷರೀಫನೆದುರು ಗೊಣಗಿದಳು. ಕಾರಿನಲ್ಲಿ ಕೇಸಿನ ಮಾತೆತ್ತಬಾರದೆಂದು ಅವಳೂ ದಿಯಾಳೂ ಒಪ್ಪಂದ ಮಾಡಿಕೊಂಡಿದ್ದರು. ಹೋಗುತ್ತ ಬರುತ್ತ ಇಬ್ಬರೂ ಹವಾಮಾನ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಮುದುಕನನ್ನು ಕೆಟ್ಟವನೆಂದು ತೋರಿಸುವ ವಾದವನ್ನು ವಹೀದಾ ಎಷ್ಟೋ ಸಲ ಬರೆದು ಹರಿದಳು. ಅದು ಸುಳ್ಳು ಎಂದು ಅವಳಿಗೇ ಅನ್ನಿಸುತ್ತಿತ್ತು. ಕೊನೆಗೆ ಮುದುಕನನ್ನು ಪಕ್ಕಕ್ಕಿಟ್ಟು, ಇಷ್ಟು ದಿನ ತಾನು ನೋಡೇ ಇರದ ನರ್ಸಿನ ಬಗ್ಗೆ ಯೋಚಿಸಿದಳು. ಆಕೆ ದಿನಾ, ಮುದುಕ ಸರಿಸಿದ ಮೇಲೂ ತೆಳ್ಳಗೆ ಹಿಮ ಉಳಿಯುತ್ತಿದ್ದ ಕಾಲುದಾರಿ ಬಿಟ್ಟು ರಸ್ತೆಯಂಚಿನಲ್ಲಿ ನಡೆಯುತ್ತಿದ್ದಳು. ಅವತ್ತು ಮಾತ್ರ ಕಾಲುದಾರಿಗೆ ಬಂದಳು. ಯಾಕೆ? ವಹೀದಾ ಕುರ್ಚಿಯಿಂದ ಎದ್ದುನಿಂತಳು.

ಫೈನಲ್ಲಿನ ದಿನ ಸಭಾಂಗಣ ತುಂಬಿತ್ತು. ಪೀಠದಲ್ಲಿ ಟಾರ್ಟ್ಸ್ ಪ್ರೊಫೆಸರ್, ಜೊತೆಗೆ ಊರಿನ ಇಬ್ಬರು ಹಿರಿಯ ವಕೀಲರು. ಮೇಲ್ಮನವಿ ನರ್ಸಿನದಾದ್ದರಿಂದ ಮೊದಲ ಸರದಿ ವಹೀದಾಳದು. ಅವಳು ಎರಡು ವಾಕ್ಯ ಹೇಳಿ ಮುಗಿಸುವಷ್ಟರಲ್ಲಿ ಪ್ರೊಫೆಸರ್ ತಡೆದರು.

“ಹಾಗಾದರೆ ನೆರೆಯವರಿಗೆ ಯಾರೂ ಸಹಾಯ ಮಾಡಲೇಬಾರದೆ?”

ಬರೆದು ತಂದಿದ್ದ ಹಾಳೆಗಳನ್ನು ವಹೀದಾ ಮಗುಚಿಟ್ಟಳು. “ಮಾಡಬೇಕು, ಮೈ ಲೇಡಿ. ಆತ ಒಳ್ಳೆಯವನು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಿಮ ಇದ್ದಷ್ಟು ದಿನ ನನ್ನ ಕಕ್ಷಿದಾರಳಿಗೆ ಅಪಾಯ ಕಾಣುತ್ತಿತ್ತು, ದೂರ ನಡೆಯುತ್ತಿದ್ದಳು. ಆತ ಅಪಾಯವನ್ನು ತೆಗೆಯಲಿಲ್ಲ, ಕಣ್ಣಿಗೆ ಕಾಣದಂತೆ ಮಾಡಿದ. ‘ಇಲ್ಲಿ ನಡೆಯಬಹುದು’ ಎಂದು ಆ ದಾರಿಯೇ ಅವಳಿಗೆ ಹೇಳಿತು. ಅವಳು ನಂಬಿದಳು.”

“ಆತನಿಗೆ ಆ ಉದ್ದೇಶವಿರಲಿಲ್ಲವಲ್ಲ?”

“ಇರಲಿಲ್ಲ. ಮುರಿದ ಕೈಗೆ ಉದ್ದೇಶ ಗೊತ್ತಾಗುವುದಿಲ್ಲ. ನೀರು ಹೆಪ್ಪುಗಟ್ಟದಂತೆ ಒಂದು ಹಿಡಿ ಉಪ್ಪು ಹಾಕಿದ್ದರೆ ಸಾಕಿತ್ತು.”

ಪ್ರಶ್ನೆಗಳು ಮೂರೂ ಕಡೆಯಿಂದ ಬಂದವು. ಅವಳು ಒಂದಕ್ಕೂ ಹಿಂಜರಿಯಲಿಲ್ಲ. ಗೊತ್ತಿಲ್ಲದಿದ್ದನ್ನು ಗೊತ್ತಿಲ್ಲ ಎಂದಳು, ಒಪ್ಪಬೇಕಾದ್ದನ್ನು ಒಪ್ಪಿದಳು, ಮತ್ತೆ ಆ ದಾರಿಗೇ ಪೀಠವನ್ನು ಕರೆತಂದಳು. ದಿಯಾ ಕೂಡ ಚೆಂದವಾಗಿ ವಾದಿಸಿದಳು. ಅವಳು ಮಾತು ಮುಗಿಸಿ ಕೂತಾಗ ವಹೀದಾಗೆ ತಾನು ಸೋತಂತೆಯೇ ಅನ್ನಿಸಿತು.

ಪೀಠ ಒಳಗೆ ಹೋಗಿ ಬಂತು. “ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ,” ಎಂದರು ಪ್ರೊಫೆಸರ್. “ಈ ವರ್ಷದ ಅತ್ಯುತ್ತಮ ವಾದವೂ ಇವರದೇ.” ಆಮೇಲೆ ಕನ್ನಡಕ ತೆಗೆದು ವಹೀದಾಳನ್ನು ನೋಡಿ ತಲೆಯಾಡಿಸಿದರು.

ಕೋರ್ಟಿನಲ್ಲಿ ಚಪ್ಪಾಳೆ ತಟ್ಟುವ ಹಾಗಿಲ್ಲ. ಅದು ಗೊತ್ತಿಲ್ಲದ ಒಬ್ಬ ಮನುಷ್ಯ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಜೋರಾಗಿ ತಟ್ಟಿದ. ಮಧ್ಯಾಹ್ನವೇ ಅಂಗಡಿ ಮುಚ್ಚಿ, ಹೇಳದೆ ಕೇಳದೆ ಬಂದಿದ್ದ ಷರೀಫ್. ಜಾಕೆಟ್ಟಿನ ಮೇಲೆ ಗ್ರೀಸಿನ ಕಲೆ. ಎಲ್ಲರೂ ತಿರುಗಿ ನೋಡಿದರು. ಅವನ ಕೈ ಅರ್ಧಕ್ಕೆ ನಿಲ್ಲುವಷ್ಟರಲ್ಲಿ ಎದುರಾಳಿಯ ಮೇಜಿನಿಂದ ದಿಯಾ ಎದ್ದು ತಟ್ಟತೊಡಗಿದಳು. ಕಣ್ಣಲ್ಲಿ ನೀರಿತ್ತು, ಆದರೂ ತಟ್ಟಿದಳು. ಆಮೇಲೆ ಇಡೀ ಸಭಾಂಗಣ.

ಹೊರಗೆ ಬಂದ ಮೇಲೆ ದಿಯಾ ಅವಳನ್ನು ಬಿಗಿಯಾಗಿ ಅಪ್ಪಿದಳು. “ಐ ಹ್ಯಾಡ್ ಯೂ, ಆಂಟಿ. ಐ ಟೋಟಲಿ ಹ್ಯಾಡ್ ಯೂ.”

“ಹೌದವ್ವಾ, ಇನ್ನೇನ ಸೋಲಿಸೇ ಬಿಟ್ಟಿದ್ದಿ,” ಎಂದು ವಹೀದಾ ನಕ್ಕಳು. “ಮುಂದಿನ ವರ್ಷ ಟೊರಾಂಟೊದ ಸ್ಪರ್ಧಾಕ್ಕ ಕಾಲೇಜಿನ ಟೀಮ್ ಕಳಸ್ತಾರಂತ. ನಾವಿಬ್ಬರೂ ಒಂದ ಕಡೆ ನಿಂತ್ರ ಯಾರ ತಡೀತಾರ ನೋಡೋಣ.”